ಗೇಟಿನೊಳಗಿನ ಬಕೀಟು

ಗೇಟಿನ ಚಿಲಕ ಮುಟ್ಟುವ ಮೊದಲೇ ಗಂಟೆಯಕ್ಕನ ಎಡಗಾಲು ನಡುಗಲು ಶುರುವಾಗುತ್ತಿತ್ತು. ಬಲಗಾಲು ಗಟ್ಟಿಯಾಗಿಯೇ ಇರುತ್ತಿತ್ತು. ಎಡಗಾಲಿನ ಮೀನಖಂಡ ಮಾತ್ರ ತಾನಾಗಿಯೇ ಅದುರುತ್ತಿತ್ತು. ಹದಿನೆಂಟು ಹೊಲಿಗೆ ಬಿದ್ದ ಜಾಗ ಅದು.

ವಕೀಲರ ಮನೆಯ ಗೇಟು. ಗೇಟಿನಿಂದ ಹಿತ್ತಲಿಗೆ ಇಪ್ಪತ್ತೆರಡು ಹೆಜ್ಜೆ. ಗೋಡೆಗೂ ಕಾರಿಗೂ ನಡುವೆ ಒಬ್ಬರೇ ನಡೆಯುವಷ್ಟು ಸಂದಿ. ಕೊನೆಯಲ್ಲಿ ಬಟ್ಟೆ ಒಗೆಯುವ ಕಲ್ಲು, ಅದರ ಪಕ್ಕ ಕಸದ ಬಕೀಟು. ಬಕೀಟನ್ನು ಮನೆಯವರೇ ಗೇಟಿನಾಚೆ ತಂದಿಡಬೇಕು ಎಂದು ಕಸದ ಕಚೇರಿಯ ನಿಯಮವೇ ಇದೆ. ಯಾರು ಇಡುತ್ತಾರೆ? ಗೇಟಿನ ಮುಂದೆ ಬಕೀಟು ಕಂಡರೆ ಮನೆಯ ಮರ್ಯಾದೆ ಹೋಗುತ್ತದಂತೆ. ತಿಂದವರು ಇವರೇ, ಎಸೆದವರು ಇವರೇ. ಆಚೆ ತಂದಿಡಲು ಮಾತ್ರ ನಾಚಿಕೆ.

ಹಾಗಾಗಿ ಹನ್ನೊಂದು ವರ್ಷದಿಂದ ಗಂಟೆಯಕ್ಕನೇ ಒಳಗೆ ಹೋಗುತ್ತಿದ್ದಳು. ಗೋಣಿಚೀಲವನ್ನು ಕಲ್ಲುಹಾಸಿನ ಮೇಲೆ ಎಳೆದುಕೊಂಡು ಹೋಗುವುದು, ಬಕೀಟು ಬಗ್ಗಿಸಿಕೊಳ್ಳುವುದು, ತುಂಬಿದ ಚೀಲವನ್ನು ಎಳೆದುಕೊಂಡು ಬಂದು ಕೈಗಾಡಿಗೆ ಸುರಿಯುವುದು. ಚೀಲದ ತಳದಿಂದ ಸೋರುವ ನೀರು ಕಾಲಿನ ಮೇಲೆ ಇಳಿಯುತ್ತಿತ್ತು. ಆ ವಾಸನೆ ಸೋಪಿಗೆ ಹೋಗುವಂಥದ್ದಲ್ಲ. ಬೆನ್ನು ಬಿದ್ದುಹೋಗುತ್ತಿತ್ತು. ಆದರೂ ಅದು ಕೆಲಸ. ಕೆಲಸಕ್ಕೆ ಅವಳು ಹೆದರಿದವಳಲ್ಲ.

ಗಂಟೆಯಕ್ಕ ಎಂಬ ಹೆಸರು ಬಂದದ್ದು ಕೈಗಂಟೆಯಿಂದ. ಬೀದಿಯ ತಿರುವಿನಲ್ಲಿ ನಿಂತು ಅವಳು ಮೂರು ಸಲ ಗಂಟೆ ಆಡಿಸುತ್ತಿದ್ದಳು. ಆಮೇಲೆ ಸುಮ್ಮನೆ ನಿಂತು ಕಿವಿಗೊಡುತ್ತಿದ್ದಳು. ಒಂದೊಂದೇ ಮನೆಯಿಂದ ನಾಯಿಯ ಸರಪಳಿಯ ಸದ್ದು ಬರುತ್ತಿತ್ತು. ಝಣ್, ಝಣ್, ಕೊಕ್ಕೆ ಬಿದ್ದ ಸದ್ದು. ಆ ಸದ್ದು ಬಂದ ಮನೆಯ ಗೇಟು ಮಾತ್ರ ತೆಗೆಯುತ್ತಿದ್ದಳು. ಆ ಬೀದಿಯ ಸಾಕುನಾಯಿಗಳಿಗೂ ಅವುಗಳ ಒಡೆಯರಿಗೂ ಅವಳಿಗೂ ನಡುವೆ ಇದ್ದ ಕರಾರು ಇಷ್ಟೇ. ಇದನ್ನು ಯಾರೂ ಬರೆದಿರಲಿಲ್ಲ. ಆದರೆ ಹನ್ನೊಂದು ವರ್ಷ ಒಂದು ಹಲ್ಲೂ ಅವಳಿಗೆ ತಾಗಿರಲಿಲ್ಲ.

ಆ ಗಂಟೆಯನ್ನು ಕಿತ್ತುಕೊಂಡರು. ಬೀದಿಯವರೆಲ್ಲ ಸೇರಿ ಒಂದು ಅರ್ಜಿ ಬರೆದರು. ಬೆಳಬೆಳಗ್ಗೆ ಗಂಟೆ ಬಾರಿಸಿದರೆ ನಿದ್ದೆ ಕೆಡುತ್ತದೆ, ಸಾಕುನಾಯಿಗಳು ಕೆರಳುತ್ತವೆ ಎಂದು. ಮೊದಲ ಸಹಿ ವಕೀಲರದು. ಕಸದ ಕಚೇರಿಯ ಮೇಸ್ತ್ರಿ ಬಂದು ಕೈ ಚಾಚಿದ.

"ಕೊಡಕ್ಕ ಗಂಟೆ. ಇನ್ಮೇಲೆ ಸದ್ದು ಮಾಡದೆ ಹೋಗಿ ಸದ್ದು ಮಾಡದೆ ಬಾ."

"ನಾಯಿ ಯಾವಾಗ ಕಟ್ಬೇಕು ಅಂತ ಹೆಂಗೆ ಗೊತ್ತಾಗುತ್ತಪ್ಪಾ ಅವರಿಗೆ?"

"ಟೈಮ್ ನೋಡ್ಕೊಂಡು ಕಟ್ಕೋತಾರೆ ಬಿಡು. ಓದಿದೋರು ಅವ್ರು."

ಓದಿದವರು ಹತ್ತು ದಿನ ಕಟ್ಟಿದರು. ಹನ್ನೊಂದನೆಯ ದಿನ ಮರೆತರು.

ಆ ದಿನ ವಕೀಲರ ಮನೆಯ ನಾಯಿ ಬೊಗಳಲಿಲ್ಲ. ಬೊಗಳಿದ್ದರೆ ತಿರುಗಿಯಾದರೂ ನೋಡುತ್ತಿದ್ದಳು. ಅವಳು ಚೀಲ ಎಳೆದುಕೊಂಡು ಹದಿನೈದನೆಯ ಹೆಜ್ಜೆಯಲ್ಲಿದ್ದಳು. ಹಿಂದಿನಿಂದ ಉಗುರಿನ ಸದ್ದು ಕೇಳಿತು. ಆಮೇಲೆ ಕಾಲಿಗೆ ಏನೋ ಬಡಿದಂತಾಯಿತು. ನೋವು ಆಮೇಲೆ ಬಂತು. ಎಮ್ಮೆಕರುವಿನಷ್ಟು ಭಾರದ ನಾಯಿ. ಮೀನಖಂಡ ಹಿಡಿದು ತಲೆ ಕೊಡವಿತು. ಅವಳು ಕಲ್ಲುಹಾಸಿನ ಮೇಲೆ ಬಿದ್ದಳು. ಚೀಲದ ಕಸವೆಲ್ಲ ಅವಳ ಮೇಲೆ ಬಿತ್ತು. ಮಹಡಿಯ ಮೇಲಿಂದ ವಕೀಲರ ಹೆಂಡತಿ, ಅಮ್ಮಾವ್ರು, ಕೂಗುತ್ತಿದ್ದರು.

"ಕಾಲು ಎಳ್ಕೋಬೇಡ! ಎಳ್ಕೊಂಡ್ರೆ ಬ್ರೂನೋಗೆ ಆಟ ಅನ್ಸುತ್ತೆ!"

ಆಟ! ಅವಳ ಮಾಂಸ ಅದರ ಬಾಯಲ್ಲಿತ್ತು.

ಅಮ್ಮಾವ್ರು ಇಳಿದು ಬಂದರು. ನಾಯಿಯನ್ನು ಎಳೆದು ಕಟ್ಟಿದರು. ಮೊದಲು ನಾಯಿಯ ಬಾಯಿ ಒರೆಸಿದರು. ಆಮೇಲೆ ಒಂದು ಹಳೆಯ ಬಟ್ಟೆಯನ್ನು ದೂರದಿಂದ ಗಂಟೆಯಕ್ಕನ ಕಡೆ ಎಸೆದರು. ಕಲ್ಲುಹಾಸಿನ ಮೇಲಿನ ರಕ್ತ ಒಣಗುವುದರೊಳಗೆ ನೀರು ಹಾಕು ಎಂದು ಒಳಗಿನವರಿಗೆ ಹೇಳಿದರು. ಇವಿಷ್ಟನ್ನೂ ಅವಳು ಬಿದ್ದಲ್ಲಿಂದಲೇ ನೋಡಿದಳು.

ದೂರು ಕೊಡು ಎಂದು ಹಟ ಹಿಡಿದದ್ದು ಮಗಳು. ಅವಳು ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆಯವಳು, ನಾಲಿಗೆಯೂ ಮಿಷನ್ನಿನ ಹಾಗೆಯೇ ಓಡುತ್ತಿತ್ತು. ಅವರಿಬ್ಬರ ಮನೆಯೆಂದರೆ ಒಂದೇ ಕೋಣೆ. ಅವ್ವ ಮಂಚದ ಮೇಲೆ ಕಾಲು ಚಾಚಿ ಮಲಗಿದ್ದಳು, ಮಗಳು ನೆಲದಲ್ಲಿ ಕೂತು ಫೋನಿನಲ್ಲಿ ಕಾನೂನು ಓದಿದಳು. ಅಪಾಯಕಾರಿ ನಾಯಿಗಳ ಕಾಯ್ದೆ.

"ಒಳ್ಳೆ ಕಾನೂನೇ ಕಣವ್ವ. ನಾಯಿ ಅಪಾಯಕಾರಿ ಅಂತ ಸಾಹೇಬ್ರು ಬರೆದ್ರೆ ಮುಗೀತು. ಬಾಯಿಗೆ ಕುಕ್ಕೆ ಹಾಕ್ಬೇಕು, ಬೇಲಿ ಒಳಗೆ ಕೂಡ್ಬೇಕು, ಗೇಟಿಗೆ ಬೋರ್ಡ್ ಹಾಕ್ಬೇಕು. ಇನ್ನೊಂದ್ಸಲ ಕಚ್ಚಿದ್ರೆ ಒಡೆಯನಿಗೇ ಜೈಲು."

"ವಕೀಲ್ರನ್ನ ಹಾಕೋ ಜೈಲು ಎಲ್ಲೈತೆ? ಅವರೇ ಕಟ್ಟಿಸ್ಕೊಂಡಿದ್ರೆ ಉಂಟು."

"ನೀ ಸುಮ್ನಿರು. ಹೆಬ್ಬೆಟ್ಟು ಒತ್ತು."

ಒತ್ತಿದಳು. ಅದಕ್ಕೆ ವಕೀಲರು ಉತ್ತರ ಬರೆದರು. ಕೆಲಸದ ಹೆಂಗಸು ಯಾವ ಮುನ್ಸೂಚನೆಯನ್ನೂ ಕೊಡದೆ ಹಿತ್ತಲಿಗೆ ನುಗ್ಗಿ ನಾಯಿಯನ್ನು ಕೆರಳಿಸಿದ್ದಾಳೆ ಎಂದು. ಮುನ್ಸೂಚನೆ ಕೊಟ್ಟಿಲ್ಲವಂತೆ. ಗಂಟೆ ಕಿತ್ತುಕೊಳ್ಳಲು ಮೊದಲ ಸಹಿ ಹಾಕಿದ ಕೈಯೇ ಆ ಮಾತನ್ನು ಬರೆಯಿತಲ್ಲ, ಆ ಕೈಗೆ ಏನು ಹೇಳಬೇಕು?

ಮೇಸ್ತ್ರಿ ಮನೆ ಬಾಗಿಲಿಗೇ ಬಂದು ಎಚ್ಚರಿಸಿ ಹೋದ. ದೂರು ಬಂದ ನಾಯಿಗಳನ್ನು ನೋಡುವ ಅಧಿಕಾರಿ, ಎಲ್ಲರ ಬಾಯಲ್ಲಿ ನಾಯಿ ಸಾಹೇಬರು, ಬಂದು ನಾಯಿ ಪರೀಕ್ಷೆ ಮಾಡುತ್ತಾರೆ. ನಾಯಿ ಸಾಧು ಎಂದು ಬರೆದರೆ ದೂರು ಸುಳ್ಳು ಎಂದಾಗುತ್ತದೆ. ಸುಳ್ಳು ದೂರು ಕೊಟ್ಟವಳ ಹೆಸರನ್ನು ಹಾಜರಿ ಪುಸ್ತಕದಲ್ಲಿ ಹೊಡೆದುಹಾಕುತ್ತಾರೆ.

"ಈಗಲೂ ಕಾಲ ಮಿಂಚಿಲ್ಲ ಅಕ್ಕ. ವಾಪಸ್ ತಗೋ."

ಅವಳು ದೂರು ವಾಪಸ್ ತೆಗೆದುಕೊಳ್ಳಲಿಲ್ಲ. ಕೆಲಸ ಹೋದರೆ ಎಂಬ ಹೆದರಿಕೆ ಒಂದು. ಕೆಲಸ ಉಳಿದು, ಕಟ್ಟದ ನಾಯಿಯ ಮುಂದೆ ದಿನವೂ ಆ ಇಪ್ಪತ್ತೆರಡು ಹೆಜ್ಜೆ ನಡೆಯಬೇಕಾದರೆ ಎಂಬ ಹೆದರಿಕೆ ಇನ್ನೊಂದು. ಯಾವುದು ದೊಡ್ಡದು ಎಂದು ಅವಳಿಗೇ ತಿಳಿಯಲಿಲ್ಲ.

ನಾಯಿ ಕಡಿತದ ಐದನೆಯ ಸೂಜಿ ಮುಗಿದ ಮೇಲೆ ಕೆಲಸಕ್ಕೆ ಮರಳಿದಳು. ವಕೀಲರ ಗೇಟಿನಲ್ಲಿ ಅಮ್ಮಾವ್ರೇ ನಿಂತಿದ್ದರು.

"ಬಾಮ್ಮ. ಕಾಲು ಹೇಗಿದೆ?"

ಗಂಟೆಯಕ್ಕ ಹಿಂದೆ ತಿರುಗಿ ನೋಡಿದಳು, ಬೇರೆ ಯಾರನ್ನೋ ಕೇಳುತ್ತಿದ್ದಾರೆ ಎಂದು. ಹನ್ನೊಂದು ವರ್ಷದಲ್ಲಿ ಆ ಬಾಯಿಂದ ಬಾ ಎಂಬ ಮಾತು ಬಂದದ್ದು ಅದೇ ಮೊದಲು.

"ಭಯ ಇಟ್ಕೋಬಾರದು. ನಾಯಿಗೆ ಭಯ ಗೊತ್ತಾಗುತ್ತೆ. ತಗೋ, ಈ ಬಿಸ್ಕತ್ತು ನಿನ್ನ ಕೈಯಾರೆ ಹಾಕು. ಪರಿಚಯ ಆಗ್ಲಿ."

ಗೇಟಿನ ಕಂಬಿಯೊಳಗಿಂದ ಕೈ ಚಾಚಿ ಬಿಸ್ಕತ್ತು ಹಿಡಿದಳು. ಕಣ್ಣು ಮುಚ್ಚಿಕೊಂಡಳು. ಬಿಸಿ ಉಸಿರು ಬೆರಳಿಗೆ ತಾಗಿತು, ಆಮೇಲೆ ಒದ್ದೆ ನಾಲಿಗೆ. ಆದರೆ ಹಲ್ಲು ತಾಗಲಿಲ್ಲ. ಅಮ್ಮಾವ್ರು ಫೋನು ಹಿಡಿದು ಚಿತ್ರ ತೆಗೆದುಕೊಂಡರು.

"ನೋಡು, ಎಷ್ಟು ಮುದ್ದು ಮಾಡ್ತಾನೆ ನಿನ್ನ!"

ದಿನವೂ ಹೀಗೆ ನಡೆಯಿತು. ಬಿಸ್ಕತ್ತು ಹಾಕಿದ ಮೇಲೆ ನಾಯಿಯನ್ನು ಕಟ್ಟುತ್ತಿದ್ದರು, ಆಮೇಲೆ ಅವಳು ಚೀಲ ಹಿಡಿದು ಒಳಗೆ ಹೋಗುತ್ತಿದ್ದಳು. ಒಂದು ವಿಷಯ ಅವಳ ಕಣ್ಣಿಗೆ ಬಿದ್ದಿತ್ತು. ಬರಿಗೈಯಲ್ಲಿದ್ದಾಗ ಬಾಲ ಆಡಿಸುವ ನಾಯಿ, ಅವಳು ಗೋಣಿಚೀಲ ಎಳೆಯತೊಡಗಿದರೆ ಸರಪಳಿ ಬಿಗಿಯಾಗುವಂತೆ ಮುಂದಕ್ಕೆ ಬಂದು ಗುರ್ ಎನ್ನುತ್ತಿತ್ತು. ಕಲ್ಲಿನ ಮೇಲೆ ಚೀಲ ಉಜ್ಜುವ ಆ ಬರಬರ ಸದ್ದು ಕೇಳಿದರೆ ಅದಕ್ಕೆ ಬಿಸ್ಕತ್ತೂ ನೆನಪಿಲ್ಲ, ಗಂಟೆಯಕ್ಕನೂ ನೆನಪಿಲ್ಲ. ಇರಲಿ, ಕಟ್ಟಿದ್ದಾರಲ್ಲ ಎಂದುಕೊಂಡು ಅವಳು ಅತ್ತ ನೋಡದೆ ಹೋಗುತ್ತಿದ್ದಳು.

ಪರೀಕ್ಷೆಗೆ ಎರಡು ದಿನ ಇರುವಾಗ ಈ ಬಿಸ್ಕತ್ತಿನ ಸುದ್ದಿಯನ್ನು ಮಗಳಿಗೆ ಹೇಳಿದಳು. ಸಂತೋಷದಿಂದಲೇ ಹೇಳಿದಳು. ಮಗಳು ಹಣೆ ಚಚ್ಚಿಕೊಂಡಳು.

"ಅಯ್ಯೋ ಪೆದ್ದವ್ವಾ! ನಿನಗೆ ಧೈರ್ಯ ಬರ್ಲಿ ಅಂತಲ್ಲ ಕಣೇ ಅದು. ನಾಯಿಗೆ ನಿನ್ನ ವಾಸನೆ ಪಾಠ ಮಾಡಿಸ್ತಿದ್ದಾರೆ. ಸಾಹೇಬ್ರ ಎದುರು ಅದು ನಿನ್ನ ಕೈ ನೆಕ್ಕುತ್ತೆ, ಅವ್ರು ಸಾಧು ಅಂತ ಬರೀತಾರೆ. ನಿನ್ನ ದೂರನ್ನ ನಿನ್ನ ಕೈಯಿಂದಲೇ ಹೂತುಹಾಕ್ಸಿದ್ರು!"

ಗಂಟೆಯಕ್ಕ ತನ್ನ ಅಂಗೈಯನ್ನೇ ನೋಡಿಕೊಂಡಳು.

"ಅದಕ್ಕೆ ನನ್ನ ಅಭ್ಯಾಸ ಆದ್ರೆ ಕಚ್ಚಲ್ಲ ಅಂದ್ಕೊಂಡೆ ಕಣೇ. ಹೆದರಿಕೆ ನನಗೆ. ನಿನಗೇನು ಗೊತ್ತು ಆ ಹಲ್ಲು?"

"ನಿನ್ನ ಕಚ್ಚಲ್ಲ, ಸರಿ. ಭಾನುವಾರ ನಿನ್ನ ಬದಲಿಗೆ ಬರ್ತಾಳಲ್ಲ, ಆಯಮ್ಮನ್ನ?"

ಭಾನುವಾರದ ಹೆಂಗಸು ಬೆನ್ನು ಬಾಗಿದವಳು, ಒಂದು ಕಿವಿ ಕೇಳದವಳು. ಉಗುರಿನ ಸದ್ದೂ ಅವಳಿಗೆ ಕೇಳುವುದಿಲ್ಲ. ಇಷ್ಟು ದಿನ ಬಿಸ್ಕತ್ತು ಹಾಕುವಾಗ ಆ ಹೆಂಗಸು ಒಂದು ಸಲವೂ ನೆನಪಿಗೆ ಬಂದಿರಲಿಲ್ಲ. ಗಂಟೆಯಕ್ಕನಿಗೆ ತನ್ನ ಮೇಲೆಯೇ ಅಸಹ್ಯ ಹುಟ್ಟಿತು.

ಮಗಳು ಮತ್ತೆ ಫೋನು ಹಿಡಿದು ಕಾಯ್ದೆಯನ್ನು ಮೊದಲಿಂದ ಕೊನೆಯವರೆಗೆ ಓದಿದಳು. ಒಂದು ಕಡೆ ಬೆರಳಿಟ್ಟು ನಿಲ್ಲಿಸಿದಳು.

"ಒಂಬತ್ತನೇ ಕಲಮು. ಕಚ್ಚಿದ ದಿನ ಯಾವ ಪರಿಸ್ಥಿತಿ ಇತ್ತೋ ಅದೇ ಪರಿಸ್ಥಿತೀಲಿ ಪರೀಕ್ಷೆ ಮಾಡಿ ಅಂತ ದೂರು ಕೊಟ್ಟವರು ಕೇಳ್ಬಹುದು. ಕೇಳಿದ್ರೆ ಸಾಹೇಬ್ರು ಮಾಡ್ಲೇಬೇಕು. ಕೇಳ್ತೀಯಾ?"

"ಅಂದ್ರೆ?"

"ಚೀಲ ಎಳ್ಕೊಂಡು ಒಳಗೆ ಹೋಗ್ಬೇಕು."

ಅವಳು ಮಗಳ ಮುಖ ನೋಡಿದಳು. ಮಗಳು ಕಣ್ಣು ತಪ್ಪಿಸಿದಳು. ಆಮೇಲೆ ತಾನೇ ಬೇಡ ಬಿಡವ್ವ ಎಂದಳು. ಮರುದಿನ ಬೀದಿ ಗುಡಿಸುವಾಗ ಗಂಟೆಯಕ್ಕ ಪೊರಕೆಯ ಒಂದೊಂದು ಬೀಸಿಗೂ ಬಾಯಲ್ಲೇ ಅಂದುಕೊಂಡಳು. ಒಂಬತ್ತನೇ ಕಲಮು. ಒಂಬತ್ತನೇ ಕಲಮು.

ಪರೀಕ್ಷೆಯ ದಿನ ಸ್ನಾನ ಮಾಡಿ, ಒಗೆದ ಸೀರೆ ಉಟ್ಟು ಬರಲು ಮೇಸ್ತ್ರಿ ಹೇಳಿದ್ದ. ಹಾಗೆಯೇ ಬಂದಳು. ಕೈಗಾಡಿಯನ್ನು ಮಾತ್ರ ಬಿಟ್ಟು ಬರಲಿಲ್ಲ, ದೂಡಿಕೊಂಡು ಬಂದು ಗೇಟಿನಾಚೆ ನಿಲ್ಲಿಸಿದಳು. ಮಗಳಿಗೆ ಕಾರ್ಖಾನೆಯಲ್ಲಿ ರಜೆ ಸಿಕ್ಕಿರಲಿಲ್ಲ.

ವಕೀಲರ ಅಂಗಳದಲ್ಲಿ ಒಂದು ಮೇಜು ಹಾಕಿದ್ದರು. ನಾಯಿ ಸಾಹೇಬರು ಕಾಗದ ಹರಡಿಕೊಂಡು ಕೂತಿದ್ದರು. ಎದುರಿಗೆ ವಕೀಲರು ಕಾಲ ಮೇಲೆ ಕಾಲು ಹಾಕಿಕೊಂಡಿದ್ದರು. ನಾಯಿಯ ಕಾಗದಗಳೂ ಮೇಜಿನ ಮೇಲಿದ್ದವು. ಅದರ ಅಪ್ಪ ಯಾರು, ತಾತ ಯಾರು, ಎಲ್ಲದಕ್ಕೂ ಮೊಹರು ಬಿದ್ದಿತ್ತು. ಅಮ್ಮಾವ್ರು ನಾಯಿಯನ್ನು ಬೆಲ್ಟಿನಲ್ಲಿ ಹಿಡಿದು ಕರೆತಂದರು. ಗಂಟೆಯಕ್ಕನ ಕೈಗೆ ಬಿಸ್ಕತ್ತು ಕೊಟ್ಟರು.

ನಾಯಿ ಬಂತು, ಮೂಸಿತು, ಬಾಲ ಆಡಿಸಿತು. ಬಿಸ್ಕತ್ತು ತಿಂದು ಅವಳ ಅಂಗೈ ನೆಕ್ಕಿತು.

"ಪಾಪದ ಪ್ರಾಣಿ ಸಾರ್," ಎಂದರು ವಕೀಲರು. "ಆಯಮ್ಮ ಏನೋ ಗಾಬರಿ ಬಿದ್ದು ಓಡಿರ್ಬೇಕು."

ನಾಯಿ ಸಾಹೇಬರು ಬರೆದರು. ಬೇಗಬೇಗ ಬರೆದರು. ಬಿಸಿಲು ಏರುತ್ತಿತ್ತು, ಇನ್ನೂ ಮೂರು ನಾಯಿ ನೋಡುವುದಿತ್ತಂತೆ. ಕಾಗದವನ್ನು ಅವಳ ಕಡೆ ತಿರುಗಿಸಿ ಶಾಯಿಯ ಡಬ್ಬಿ ಮುಂದಿಟ್ಟರು.

"ಇಲ್ಲಿ ಹೆಬ್ಬೆಟ್ಟು ಒತ್ತಮ್ಮ."

"ಏನು ಬರೆದೀರಿ ಸಾರ್?"

"ನಾಯಿ ಸಾಧು ಸ್ವಭಾವದ್ದು ಅಂತ. ಇನ್ನೇನು ಬರೀಲಿ? ನಿನ್ನ ಕೈಯೇ ನೆಕ್ತಲ್ಲ."

"ಒತ್ತಕ್ಕ, ಒತ್ತು," ಎಂದ ಮೇಸ್ತ್ರಿ. "ಹಾಜರಿ ವಿಷಯ ನಾ ನೋಡ್ಕೋತೀನಿ."

ಅವಳ ಎಡಗಾಲು ಅದುರತೊಡಗಿತು. ಒತ್ತಿಬಿಡು ಎಂದಿತು ಜೀವ. ಒತ್ತಿಬಿಟ್ಟರೆ ಇವತ್ತು ಮನೆಗೆ ಹೋಗಬಹುದು. ಅವಳು ಹೆಬ್ಬೆರಳನ್ನು ಸೀರೆಗೆ ಒರೆಸಿಕೊಂಡಳು. ನಾಯಿಯ ಎಂಜಲು ಇನ್ನೂ ಒದ್ದೆಯಾಗಿತ್ತು.

"ಒತ್ತಲ್ಲ," ಎಂದಳು.

ಮಾತು ಎಷ್ಟು ಸಣ್ಣಗೆ ಬಂತೆಂದರೆ ಯಾರಿಗೂ ಕೇಳಿಸಲಿಲ್ಲ. ಇನ್ನೊಂದು ಸಲ ಅಂದಳು.

"ಒತ್ತಲ್ಲ ಸಾರ್. ಒಂಬತ್ತನೇ ಕಲಮು ಐತೆ. ಕಚ್ಚಿದ ದಿನ ಹೆಂಗಿತ್ತೋ ಹಂಗೇ ನೋಡ್ಬೇಕು. ನಾನು ಈ ಮನೆಗೆ ಒಗೆದ ಸೀರೇಲಿ ಬರಲ್ಲ. ಬಿಸ್ಕತ್ತು ಹಿಡ್ಕೊಂಡು ಬರಲ್ಲ."

ವಕೀಲರ ಕಾಲು ಕೆಳಗಿಳಿಯಿತು.

"ಕಾನೂನು ಹೇಳೋಕೆ ಬಂದ್ಯಾ ನನಗೆ?"

"ಹೇಳ್ತಿಲ್ಲ ಸ್ವಾಮಿ, ಕೇಳ್ತಿದೀನಿ. ಕೇಳ್ಬಹುದು ಅಂತ ಐತಂತೆ."

ನಾಯಿ ಸಾಹೇಬರು ಕಾಯ್ದೆಯ ಪುಸ್ತಕ ತಿರುವಿದರು. ಓದಿದರು. ವಕೀಲರ ಮುಖ ನೋಡಿದರು. ಹಾಗೆ ಇರುವುದೇನೋ ನಿಜ ಎಂದು ಗೊಣಗಿದರು. ಅಷ್ಟರಲ್ಲಿ ಅವಳು ಗೇಟಿನಾಚೆ ಹೋಗಿಯಾಗಿತ್ತು.

ಕೈಗಾಡಿಯಿಂದ ಕಸದ ಕೆಲಸದ ಕೋಟು ತೆಗೆದು ಒಗೆದ ಸೀರೆಯ ಮೇಲೆ ಹಾಕಿಕೊಂಡಳು. ಗೋಣಿಚೀಲ ತೆಗೆದಳು. ಬೇರೆ ಮನೆಗಳ ಹಸಿ ಕಸ ಅರ್ಧ ತುಂಬಿತ್ತು, ತಳ ಸೋರುತ್ತಿತ್ತು. ಚಿಲಕ ಮುಟ್ಟಿದಳು. ಓಡಿಹೋಗಬೇಕು ಎನ್ನಿಸಿತು. ಆ ಬೀದಿ, ಆ ಕೆಲಸ, ಆ ಊರನ್ನೇ ಬಿಟ್ಟು ಓಡಿಹೋಗಬೇಕು ಎನ್ನಿಸಿತು. ದೇವರಾಣೆಗೂ ಅವಳಲ್ಲಿ ಧೈರ್ಯ ಇರಲಿಲ್ಲ. ಯಾರಾದರೂ ಇದನ್ನು ಧೈರ್ಯ ಎಂದರೆ ಅವಳೇ ನಕ್ಕುಬಿಡುತ್ತಿದ್ದಳು. ಬೆನ್ನು ಬಾಗಿದ ಆ ಭಾನುವಾರದ ಹೆಂಗಸು ಕಣ್ಣ ಮುಂದಿದ್ದಳು, ಅಷ್ಟೇ.

ಗೇಟು ತೆಗೆದಳು. ಚೀಲವನ್ನು ಕಲ್ಲುಹಾಸಿನ ಮೇಲೆ ಎಳೆದಳು.

ಬರಬರ.

ನಾಯಿಯ ಕಿವಿ ನೆಟ್ಟಗಾಯಿತು. ಬಾಲ ನಿಂತಿತು.

ಒಂದು ಹೆಜ್ಜೆ. ಎರಡು. ಚೀಲ ಎಳೆದಳು. ಮೂರು. ನಾಯಿ ಬೊಗಳಲಿಲ್ಲ. ಆ ದಿನವೂ ಬೊಗಳಿರಲಿಲ್ಲ. ಬೆನ್ನ ಮೇಲಿನ ಕೂದಲು ಎದ್ದು ನಿಂತಿತು, ತುಟಿ ಮೇಲಕ್ಕೆ ಹೋಯಿತು. ಆ ಹಲ್ಲು. ನಾಲ್ಕು. ನಾಯಿ ಒಮ್ಮೆಗೇ ಹಾರಿತು. ಬೆಲ್ಟು ಹಿಡಿದಿದ್ದ ಅಮ್ಮಾವ್ರು ಎರಡು ಮಾರು ಮುಂದಕ್ಕೆ ಎಳೆಸಿಕೊಂಡು ಬಂದು ಮೊಣಕಾಲೂರಿ ಬಿದ್ದರು. ಮೇಜು ಉರುಳಿತು. ನಾಯಿಯ ತಾತ ಮುತ್ತಾತರ ಕಾಗದಗಳೆಲ್ಲ ಅಂಗಳದ ತುಂಬ ಹಾರಿದವು. ಮೇಸ್ತ್ರಿ ಯಾವ ಮಾಯದಲ್ಲೋ ಗೇಟಿನಾಚೆ ಇದ್ದ. ನಾಯಿ ಸಾಹೇಬರು ಕಾರಿನ ಹಿಂದೆ ಇದ್ದರು.

"ಹೋಗೇ ಆಚೆ! ಹೋಗು!" ಅಮ್ಮಾವ್ರು ಚೀರಿದರು. "ಹಿಡಿಯೋಕೆ ಆಗ್ತಿಲ್ಲ ನನಗೆ! ಚೀಲ ಕಂಡ್ರೆ ಯಾರನ್ನೂ ಬಿಡಲ್ಲ, ಕಚ್ಚೇ ಕಚ್ಚುತ್ತೆ ಇದು! ರೀ, ಹಿಡ್ಕೊಳ್ರೀ!"

ಗಂಟೆಯಕ್ಕ ಹೋಗಲಿಲ್ಲ. ಹೋಗಲು ಕಾಲು ಬರಲಿಲ್ಲ. ನಾಯಿಯ ಮೂತಿ ಅವಳಿಂದ ಒಂದು ಮೊಳ ದೂರದಲ್ಲಿ ಗಾಳಿಯನ್ನು ಕಚ್ಚುತ್ತಿತ್ತು. ತೊಡೆಯ ಮೇಲಿಂದ ಬಿಸಿಯಾಗಿ ಏನೋ ಇಳಿಯಿತು. ಉಚ್ಚೆ ಹೋಗಿತ್ತು. ಒಗೆದ ಸೀರೆ, ಹೊಲಿಗೆಯ ಗಾಯ, ಕಲ್ಲುಹಾಸು, ಎಲ್ಲ ಒದ್ದೆಯಾದವು. ವಕೀಲರು ಬಂದು ಗಂಡಹೆಂಡತಿ ಇಬ್ಬರೂ ಸೇರಿ ನಾಯಿಯನ್ನು ಎಳೆದುಕೊಂಡು ಹೋಗಿ ಕಟ್ಟುವವರೆಗೂ ಅವಳು ಅಲ್ಲೇ, ನಾಲ್ಕನೆಯ ಹೆಜ್ಜೆಯಲ್ಲೇ ನಿಂತಿದ್ದಳು.

ಸರಪಳಿಯ ಕೊಕ್ಕೆ ಬಿದ್ದ ಸದ್ದು ಕೇಳಿದ ಮೇಲೆ ಬಾಯಿಬಿಟ್ಟಳು.

"ಬರ್ಕೊಳ್ಳಿ ಸಾರ್. ಅಮ್ಮಾವ್ರು ಏನಂದ್ರೋ ಅದನ್ನೇ ಬರ್ಕೊಳ್ಳಿ."

ನಾಯಿ ಸಾಹೇಬರು ಕಾರಿನ ಹಿಂದಿನಿಂದ ಬಂದರು. ಪೆನ್ನು ಹುಡುಕಿದರು. ವಕೀಲರು ಏದುಸಿರು ಬಿಡುತ್ತಿದ್ದರು.

"ನನ್ನ ಹೆಂಡ್ತಿ ಗಾಬರೀಲಿ ಹೇಳಿದ್ದು ಅದು. ಅದು ಹೇಳಿಕೆ ಆಗಲ್ಲ."

"ನನಗೂ ಗಾಬರೀನೇ ಸ್ವಾಮಿ," ಎಂದಳು ಗಂಟೆಯಕ್ಕ. "ದಿನಾ ಗಾಬರೀಲೇ ನಿಮ್ಮ ಬಕೀಟು ಎತ್ತಿದೀನಿ. ನೋಡಿ, ಉಚ್ಚೆ ಹೊಯ್ಕೊಂಡಿದೀನಿ ನಿಮ್ಮ ಅಂಗಳದಲ್ಲಿ. ಸಾಹೇಬ್ರೇ, ನೀವು ಕಾರಿನ ಹಿಂದೆ ಓಡಿದ್ರಲ್ಲ, ಅದನ್ನೂ ಬರೀರಿ."

ಅಮ್ಮಾವ್ರು ತರಚಿದ ಮೊಣಕಾಲು ಹಿಡಿದು ಮೆಟ್ಟಿಲ ಮೇಲೆ ಕೂತಿದ್ದರು. ಗಂಡನ ಮುಖ ನೋಡಲಿಲ್ಲ, ಗಂಟೆಯಕ್ಕನ ಮುಖವನ್ನೂ ನೋಡಲಿಲ್ಲ. ಆದರೆ ಅಂದ ಮಾತನ್ನು ಇಲ್ಲ ಎನ್ನಲಿಲ್ಲ.

ನಾಯಿ ಸಾಹೇಬರು ಮೊದಲಿನ ಕಾಗದ ಹರಿದರು. ಹೊಸ ಕಾಗದದಲ್ಲಿ ಬರೆದರು. ಈ ಸಲ ನಿಧಾನವಾಗಿ ಬರೆದರು.

"ಓದಿ ಹೇಳಿ ಸಾರ್. ನನಗೆ ಓದಕ್ಕೆ ಬರಲ್ಲ."

"ನಾಯಿಯು ಕೆಲಸದವರ ಮೇಲೆ ಎರಗುವುದೆಂದು, ತಡೆಯಲು ತಮ್ಮಿಂದಾಗದೆಂದು ನಾಯಿಯ ಒಡತಿಯೇ ನನ್ನ ಸಮಕ್ಷಮ ಕೂಗಿ ಹೇಳಿರುತ್ತಾರೆ. ನಾಯಿ ಅಪಾಯಕಾರಿ."

"ಇನ್ನೊಂದ್ಸಲ ಓದಿ."

ಓದಿದರು. ಆಗ ಹೆಬ್ಬೆಟ್ಟು ಒತ್ತಿದಳು.

ಆಮೇಲೆ ಚೀಲ ಎಳೆದುಕೊಂಡು ಗೇಟಿನಾಚೆ ಬಂದಳು. ನಾಯಿ ಕಟ್ಟಿದಲ್ಲಿಂದಲೇ ಗುರುಗುಟ್ಟಿತು.

"ಗಂಟೆ ಎಲ್ಲಪ್ಪಾ?" ಎಂದು ಮೇಸ್ತ್ರಿಯನ್ನು ಕೇಳಿದಳು.

"ಕಚೇರಿ ಡ್ರಾಯರ್‌ನಲ್ಲಿದೆ. ಬೀಗದ ಕೈ ಸಿಕ್ತಿಲ್ಲ."

ಅವಳು ಕೈಗಾಡಿಯ ಮೇಲಿನ ಡಬ್ಬದ ತಗಡಿನ ಮುಚ್ಚಳ ತೆಗೆದಳು. ಕಸ ಕೆದಕುವ ಕಬ್ಬಿಣದ ಸಲಾಕೆ ತೆಗೆದಳು. ನಡುಬೀದಿಯಲ್ಲಿ ನಿಂತು ಮೂರು ಸಲ ಬಾರಿಸಿದಳು. ಅರ್ಜಿಗೆ ಸಹಿ ಹಾಕಿದ ಮನೆಗಳ ಕಿಟಕಿಗಳು ತೆರೆದವು. ಯಾರೋ ಬೈದರು. ಆಮೇಲೆ ಒಂದು ಮನೆಯಿಂದ ಸರಪಳಿಯ ಸದ್ದು ಬಂತು. ಇನ್ನೊಂದು ಮನೆಯಿಂದ ಬಂತು. ಹನ್ನೊಂದು ವರ್ಷದ ಅಭ್ಯಾಸ ಕೈ ಬಿಟ್ಟಿರಲಿಲ್ಲ.

ವಕೀಲರು ಗೇಟಿಗೆ ಬಂದರು.

"ಒಳಗಿನ ಕಸ?"

"ಆಚೆ ತಂದಿಡಿ ಸ್ವಾಮಿ. ನಿಯಮ ಐತೆ. ನಾನು ಒಳಗೆ ಬರಲ್ಲ. ಭಾನುವಾರ ಬರೋಳೂ ಬರಲ್ಲ."

ಅವಳು ಗೇಟಿನಾಚೆ, ಒದ್ದೆ ಸೀರೆಯಲ್ಲಿ, ಮುಚ್ಚಳ ಹಿಡಿದು ಕಾದು ನಿಂತಳು. ಎಡಗಾಲು ಅದುರುತ್ತಲೇ ಇತ್ತು. ಬಿಸಿಲಿಗೆ ಸೀರೆಯ ಅಂಚು ಒಣಗತೊಡಗಿತು. ತುಂಬ ಹೊತ್ತಾದ ಮೇಲೆ ಗೋಡೆಗೂ ಕಾರಿಗೂ ನಡುವಿನ ಸಂದಿಯಲ್ಲಿ ಬಕೀಟು ಕಲ್ಲಿಗೆ ಉಜ್ಜುವ ಸದ್ದು ಕೇಳಿತು. ವಕೀಲರು ಮೂಗು ಮುಚ್ಚಿಕೊಂಡು, ಒಂದೇ ಕೈಯಲ್ಲಿ ಅದನ್ನು ಎಳೆದುಕೊಂಡು ಬರುತ್ತಿದ್ದರು. ಗಂಟೆಯಕ್ಕ ಅವರ ಹೆಜ್ಜೆ ಎಣಿಸಿದಳು. ಇಪ್ಪತ್ತೆರಡು.